ಕಡಲ ಮಟ್ಟದಿಂದ ಘಟ್ಟ ಹತ್ತೋದು: ಆಗುಂಬೆ ಬಿಟ್ಟರೆ ಯಾವುದು?

ನಂದಿ_ಸಾಕಾಯ್ತು (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಸುತ್ತಮುತ್ತ ಏರು ಅಂದರೆ ನಂದಿಬೆಟ್ಟ, ಅದು ಬಿಟ್ಟರೆ ಮತ್ತೆ ನಂದಿಬೆಟ್ಟ. ಏಳೂವರೆ ಕಿ.ಮೀ. ಆಸುಪಾಸಿನ ಆ ರಸ್ತೆಯ ಪ್ರತಿ ತಿರುವೂ ಬಾಯಿಪಾಠ ಆಗಿದೆ. ಭಾನುವಾರ ಬೆಳಿಗ್ಗೆ ಅಲ್ಲಿ ಸೈಕಲ್‌ಗಿಂತ ಕಾರೇ ಜಾಸ್ತಿ.

ಡಿಸೆಂಬರ್‌ನಲ್ಲಿ ಸಾಲು ರಜೆ ಇದೆ. ಕರಾವಳಿಗೆ ಬಂದು ಸಮುದ್ರ ಮಟ್ಟದಿಂದ ಘಟ್ಟ ಹತ್ತಬೇಕು ಅಂತ ಆಸೆ. ಹುಡುಕಿದರೆ ಎಲ್ಲರೂ ಆಗುಂಬೆ ಆಗುಂಬೆ ಅಂತಲೇ ಬರೆದಿದ್ದಾರೆ. ಕಾರವಾರದಿಂದ ಸುಬ್ರಹ್ಮಣ್ಯದವರೆಗೆ ಅಷ್ಟೊಂದು ಘಟ್ಟಗಳಿವೆ ಅಲ್ವಾ? ಉಳಿದವನ್ನು ಯಾರೂ ಸೈಕಲ್‌ನಲ್ಲಿ ಹತ್ತೋದೇ ಇಲ್ವಾ?

ಗಾಡಿ ರೋಡ್ ಬೈಕು. ಗೇರು ಮುಂದೆ 50/34 ಹಲ್ಲು, ಹಿಂದೆ 11–28 ಹಲ್ಲು, ಟೈರಿನ ಅಗಲ 28 ಮಿ.ಮೀ. ನನ್ನ ತೂಕ 70 ಕೆ.ಜಿ. ಯಾವುದು ಕಡಿದು, ಯಾವುದು ಸುಲಭ, ಅಷ್ಟು ಹೇಳಿದರೆ ಸಾಕು.

ಕುಂದಾಪ್ರ_ಮಾಷ್ಟ್ರು

ಯಾವುದು ಕಡಿದು ಅನ್ನೋದನ್ನು ಕೊನೆಗೆ ಇಟ್ಟುಕೊಳ್ಳಿ ಮಾರಾಯ್ರೆ. ಯಾವ ಘಟ್ಟದಲ್ಲಿ ಯಾವ ಹೊತ್ತಿಗೆ ಲಾರಿ ಇರೋದಿಲ್ಲ, ಅದನ್ನು ಮೊದಲು ಕೇಳಿ.

ಏರಿನ ಲೆಕ್ಕದಲ್ಲಿ ನಮ್ಮ ಘಟ್ಟಗಳು ಹೆಚ್ಚುಕಡಿಮೆ ಅಣ್ಣತಮ್ಮಂದಿರು. ಉಡುಪಿಯಿಂದ ಉತ್ತರಕ್ಕೆ ಯಾವುದನ್ನು ಹತ್ತಿದರೂ ಐನೂರು ಮೀಟರ್ ಏರು, ಸ್ವಲ್ಪ ಅತ್ತಿತ್ತ. ದಕ್ಷಿಣಕ್ಕೆ ಚಾರ್ಮಾಡಿ, ಬಿಸಿಲೆ ಕಡೆ ಹೋದರೆ ಇನ್ನೂ ಎತ್ತರ. ವ್ಯತ್ಯಾಸ ಇರೋದು ರಸ್ತೆಯ ಅಗಲದಲ್ಲಿ, ಗಾಡಿಗಳಲ್ಲಿ.

ಆಗುಂಬೆಯಲ್ಲಿ ಭಾರಿ ವಾಹನಕ್ಕೆ ನಿಷೇಧ ಇದೆ. ಅದಕ್ಕೇ ಅದು ಸೈಕಲ್‌ನವರಿಗೆ ಇಷ್ಟ. ಆದರೆ ಅಲ್ಲಿ ಹತ್ತಲಾಗದ ಲಾರಿಗಳು ಎಲ್ಲಿಗೆ ಹೋಗಬೇಕು? ನಮ್ಮ ಬಾಳೆಬರೆಗೆ ಬರುತ್ತವೆ. ಹೊಸಂಗಡಿಯಿಂದ ಹುಲಿಕಲ್‌ಗೆ ಹತ್ತುವ ಘಟ್ಟ ಇದು. ಹುಲಿಕಲ್ ಘಟ್ಟ ಅಂತಲೂ ಹೇಳ್ತಾರೆ. ನನ್ನ ಮಟ್ಟಿಗೆ ಈ ಭಾಗದಲ್ಲಿ ಕಾಲಿಗೆ ನಿಜವಾದ ಪರೀಕ್ಷೆ ಅಂದರೆ ಇದೇ. ತಿರುವುಗಳು ಬಿಗಿ. ತಿರುವಿನ ಒಳಗೇ ಏರು ಎದ್ದು ನಿಲ್ಲುತ್ತದೆ. ನಡುವೆ ಚಂಡಿಕಾಂಬಾ ಗುಡಿ ಇದೆ. ಲಾರಿ, ಬಸ್ಸಿನವರು ಅಲ್ಲಿ ನಿಲ್ಲಿಸಿ ಕೈಮುಗಿದೇ ಮುಂದೆ ಹೋಗೋದು. ನೀವೂ ಅಲ್ಲಿ ನಿಲ್ಲಿ. ಭಕ್ತಿ ಇಲ್ಲದಿದ್ದರೂ ಉಸಿರಿಗಾದರೂ ಬೇಕಾಗುತ್ತದೆ.

ಬೆಳಕು ಹರಿಯುವಾಗ ಹೊಸಂಗಡಿಯಲ್ಲಿ ಇರಿ. ಬಿಸಿಲು ಏರುವ ಹೊತ್ತಿಗೆ ಮಾಸ್ತಿಕಟ್ಟೆಯಲ್ಲಿ ತಿಂಡಿ ತಿನ್ನಬಹುದು. ಹತ್ತು ಗಂಟೆಯ ನಂತರ ಬಾಳೆಬರೆ ಬೇಡ.

ಅಲ್ಲಿಂದ ನಗರಕ್ಕೆ ಹೋಗಿ. ಕೆಳದಿ ನಾಯಕರ ಬಿದನೂರು ಅಂದರೆ ಇದೇ ನಗರ. ಕೋಟೆ ರಸ್ತೆಗೆ ಅಂಟಿಕೊಂಡೇ ಇದೆ. ಆಮೇಲೆ ಸಂಪೇಕಟ್ಟೆ, ನಿಟ್ಟೂರು, ನಾಗೋಡಿ ದಾಟಿ ಕೊಲ್ಲೂರಿಗೆ ಇಳಿಯಿರಿ. ವಾಪಸ್ ಕುಂದಾಪುರ. ಇಡೀ ಸುತ್ತು ನೂರೈವತ್ತು ಕಿ.ಮೀ. ಆಸುಪಾಸು. ಕೊಲ್ಲೂರು ಘಟ್ಟದಲ್ಲಿ ಕಾಡು ಎರಡೂ ಕಡೆಯಿಂದ ಮುಚ್ಚಿಕೊಂಡಿರುತ್ತದೆ. ಮಧ್ಯಾಹ್ನವೂ ನೆರಳು.

ಕೊಲ್ಲೂರಲ್ಲಿ ದೇವಸ್ಥಾನದ ಊಟಕ್ಕೆ ಹೋಗೋದಾದರೆ ಒಂದು ಪಂಚೆ ಇಟ್ಟುಕೊಳ್ಳಿ. ಸೈಕಲ್ ಚಡ್ಡಿಯಲ್ಲಿ ಸಾಲಿನಲ್ಲಿ ನಿಂತರೆ ನಿಮಗೂ ಮುಜುಗರ, ಅಜ್ಜಿಯಂದಿರಿಗೂ ಮುಜುಗರ.

ವ್ಯಾಟ್_ಲೆಕ್ಕ

ಗೇರಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. 11–28 ಕ್ಯಾಸೆಟ್ (ಹಿಂದಿನ ಚಕ್ರದ ಹಲ್ಲುಚಕ್ರಗಳ ಗೊಂಚಲು) ಬದಲಿಸಿ ಗುರು.

ನೀವು 70, ಸೈಕಲ್ಲು, ನೀರು ಎಲ್ಲ ಸೇರಿ ಒಂದು 10. ಒಟ್ಟು 80 ಕೆ.ಜಿ. ಐದೂವರೆ ಶೇಕಡಾ ಏರಿನಲ್ಲಿ (ನೂರು ಮೀಟರ್ ಹೋದರೆ ಐದೂವರೆ ಮೀಟರ್ ಮೇಲೆ) ಗಂಟೆಗೆ 10 ಕಿ.ಮೀ. ಹೋಗಬೇಕು ಅಂದರೆ ಬರೀ ಮೇಲೆತ್ತೋದಕ್ಕೇ 120 ವ್ಯಾಟ್ ಬೇಕು. ಟೈರಿನ ಘರ್ಷಣೆ, ಗಾಳಿ, ಚೈನಿನ ನಷ್ಟ ಸೇರಿದರೆ 140ರ ಹತ್ತಿರ. ಇಷ್ಟು ಎಲ್ಲರೂ ತುಳಿಯಬಹುದು. ಆಗ ಮುಂದೆ 34, ಹಿಂದೆ 28 ಹಲ್ಲಿನ ಗೇರಿನಲ್ಲಿ ಕಾಲು ನಿಮಿಷಕ್ಕೆ 64 ಸುತ್ತು ತಿರುಗುತ್ತದೆ. ಪರವಾಗಿಲ್ಲ.

ತೊಂದರೆ ಬರೋದು ಒಂಬತ್ತು ಶೇಕಡಾ ಇರುವ ತುಂಡುಗಳಲ್ಲಿ. ಅಲ್ಲಿ ವೇಗ 7ಕ್ಕೆ ಇಳಿಯುತ್ತದೆ. ಅದೇ ಗೇರಿನಲ್ಲಿ ಕಾಲಿನ ಸುತ್ತು 45. ಎದ್ದು ನಿಂತು ತುಳಿಯಬೇಕಾಗುತ್ತದೆ, ಮಂಡಿ ಹಿಡಿಯುತ್ತದೆ. ಹಿಂದೆ 34 ಹಲ್ಲು ಇದ್ದರೆ 55 ಸುತ್ತು ಸಿಗುತ್ತದೆ, ಕೂತೇ ಹೋಗಬಹುದು. ನಿಮ್ಮ ಹಿಂದಿನ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) 34 ಹಲ್ಲು ತಡೆಯುತ್ತದಾ ಅಂತ ಅಂಗಡಿಯಲ್ಲಿ ಕೇಳಿ. ಅದರ ತೋಳು (ಕೇಜ್) ಗಿಡ್ಡ ಆದರೆ ಅದನ್ನೂ ಬದಲಿಸಬೇಕು. ಚೈನ್ ಉದ್ದವೂ ಸಾಕಾಗೋದಿಲ್ಲ.

ನಂದಿಯಲ್ಲಿ 28 ಸಾಕಾಯ್ತು ಅಂತ ಇಲ್ಲಿಯೂ ಸಾಕು ಅಂದುಕೊಳ್ಳಬೇಡಿ. ನಂದಿಗೆ ನೀವು ತಾಜಾ ಕಾಲಿನಲ್ಲಿ ಹೋಗ್ತೀರಿ. ಇಲ್ಲಿ ಸಮುದ್ರದಿಂದ ಘಟ್ಟದ ಬುಡಕ್ಕೆ ಬರೋದೇ 40–50 ಕಿ.ಮೀ. ಅದೂ ಸಪಾಟು ಅಲ್ಲ, ಪೂರ್ತಿ ಏರಿಳಿತ.

ಉಡುಪಿ_ಪೆಡಲು

ಆಗುಂಬೆಯನ್ನು ಹಾಗೆ ಬದಿಗೆ ತಳ್ಳಬೇಡಿ. ಎಲ್ಲರಿಗೂ ಗೊತ್ತು ಅನ್ನೋದು ಅದರ ತಪ್ಪಲ್ಲ. ಮಲ್ಪೆ ಬೀಚಿನಲ್ಲಿ ಚಕ್ರ ಒದ್ದೆ ಮಾಡಿಕೊಂಡು, ಹೆಬ್ರಿ, ಸೋಮೇಶ್ವರ ದಾಟಿ ಆ 14 ತಿರುವು ಹತ್ತಿದರೆ ಸಿಗುವ ಖುಷಿಯೇ ಬೇರೆ. ಸೋಮೇಶ್ವರದಿಂದ ಮೇಲಕ್ಕೆ ಹತ್ತು–ಹನ್ನೆರಡು ಕಿ.ಮೀ. ಮೊದಲು ಕಾಡಿನೊಳಗೆ ಮೆಲ್ಲಗೆ ಏರುತ್ತದೆ, ಇಷ್ಟೇನಾ ಅನಿಸುತ್ತದೆ. ಏರಿನ ಬಹುಪಾಲು ಇರೋದು ತಿರುವುಗಳಲ್ಲಿ. ಹೊಸಬರು ಕೆಳಗೇ ಶಕ್ತಿ ಎಲ್ಲ ಖರ್ಚು ಮಾಡಿಬಿಡ್ತಾರೆ.

ಹೇರ್‌ಪಿನ್ ತಿರುವು ಹತ್ತುವುದರಲ್ಲಿ ಒಂದು ಗುಟ್ಟಿದೆ. ನಾವು ರಸ್ತೆಯ ಎಡಕ್ಕೆ ಹೋಗುವವರು. ಹಾಗಾಗಿ ಎಡಕ್ಕೆ ತಿರುಗುವ ಹೇರ್‌ಪಿನ್‌ನಲ್ಲಿ ನಾವು ಒಳಬದಿ. ಅಲ್ಲಿ ದೂರ ಕಮ್ಮಿ, ಏರು ಗೋಡೆಯಷ್ಟು. ಬಲಕ್ಕೆ ತಿರುಗುವುದರಲ್ಲಿ ಹೊರಬದಿ. ದೂರ ಜಾಸ್ತಿ, ಏರು ಕಮ್ಮಿ. ಆದ್ದರಿಂದ ಎಡ ತಿರುವು ಬರುವ ಮೊದಲೇ ಗೇರು ಇಳಿಸಿ. ತಿರುವಿನೊಳಗೆ ಹೋಗಿ ಇಳಿಸಿದರೆ ಚೈನು ಕಟಕಟ ಅಂದು ನಿಂತುಬಿಡುತ್ತದೆ, ಕಾಲು ಕ್ಲೀಟಿನಲ್ಲಿ (ಬೂಟನ್ನು ಪೆಡಲಿಗೆ ಹಿಡಿಸುವ ಕೊಂಡಿ) ಸಿಕ್ಕಿರುತ್ತದೆ, ಆಮೇಲೆ ಗೊತ್ತಲ್ಲ. ಬಲ ತಿರುವಿನಲ್ಲಿ ಒಂದೆರಡು ದೊಡ್ಡ ಉಸಿರು ತೆಗೆದುಕೊಳ್ಳಿ, ಒಂದು ಗುಟುಕು ನೀರು ಕುಡಿಯಿರಿ. ಎದುರಿಂದ ಮಿನಿ ಬಸ್ಸಿನ ಹಾರ್ನ್ ಕೇಳಿದರೆ ಮಾತ್ರ ತಿರುವಿನ ಹೊರಗೇ ನಿಂತುಬಿಡಿ. ಅದಕ್ಕೆ ತಿರುಗಲು ರಸ್ತೆ ಪೂರ್ತಿ ಬೇಕು.

ಮಂಗಗಳ ಬಗ್ಗೆ: ಜೆರ್ಸಿಯ ಬೆನ್ನ ಜೇಬಿನಲ್ಲಿ ಬಾಳೆಹಣ್ಣು ಇಣುಕುತ್ತಿದ್ದರೆ ಅದು ನಿಮ್ಮದಲ್ಲ. ನಿಧಾನಕ್ಕೆ ಹತ್ತುವವರ ಬೆನ್ನಿಗೆ ಬಂದು ಕಿತ್ತುಕೊಳ್ಳುತ್ತವೆ. ಹ್ಯಾಂಡಲ್ ಬ್ಯಾಗಿನೊಳಗೆ ಇಟ್ಟು ಜಿಪ್ ಹಾಕಿ.

ಇನ್ನೊಂದು, ಹೆಣ್ಣುಮಕ್ಕಳು ಓದುತ್ತಿದ್ದರೆ ಅಂತ ಹೇಳ್ತೇನೆ. ಘಟ್ಟದಲ್ಲಿ ಶೌಚಾಲಯ ಇಲ್ಲ. ಹೆಬ್ರಿಯಲ್ಲೇ ಪೆಟ್ರೋಲ್ ಬಂಕಿಗೆ ಹೋಗಿ ಮುಗಿಸಿಕೊಳ್ಳಿ. ಗಂಡಸರ ರೈಡ್ ವರದಿಗಳಲ್ಲಿ ಈ ವಿಷಯ ಎಲ್ಲೂ ಇರೋದಿಲ್ಲ.

ಸಂಜೆ ಮಾತ್ರ ಆಗುಂಬೆ ಬೇಡವೇ ಬೇಡ. ಸೂರ್ಯಾಸ್ತ ನೋಡಲು ಬಂದ ಕಾರುಗಳು ಒಟ್ಟೊಟ್ಟಿಗೆ ಇಳಿಯುತ್ತವೆ.

ನಂದಿ_ಸಾಕಾಯ್ತು

ಮಾಷ್ಟ್ರೇ, ಮೇಡಂ, ವ್ಯಾಟ್ ಸರ್, ಎಲ್ಲರಿಗೂ ಥ್ಯಾಂಕ್ಸ್. ಕ್ಯಾಸೆಟ್ ಬದಲಿಸ್ತೀನಿ. ಡಿಸೆಂಬರ್ ಅಂದರೆ ಚಳಿ ಇರುತ್ತಲ್ವಾ? ಸ್ವಲ್ಪ ತಡವಾಗಿ, ಎಂಟು ಗಂಟೆಗೆ ಹೊರಟರೆ ನಡೆಯುತ್ತಾ?

ಉಡುಪಿ_ಪೆಡಲು

ಚಳಿಯಾ? ನಮ್ಮಲ್ಲಾ?

ಕಾಸರಕೋಡು_ಗಾಳಿ (ಹೊನ್ನಾವರ)

ಬೆಂಗಳೂರಿನವರು ಪ್ರತಿ ಸಲ ಇಲ್ಲೇ ಎಡವೋದು. ಡಿಸೆಂಬರ್, ಜನವರಿಯಲ್ಲಿ ಟಿವಿಯ ಹವಾಮಾನ ಸುದ್ದಿ ಗಮನಿಸಿ. ದೇಶದಲ್ಲೇ ಅತಿ ಹೆಚ್ಚು ತಾಪಮಾನ ಎಲ್ಲಿ ಅಂದರೆ ಎಷ್ಟೋ ದಿನ ಹೊನ್ನಾವರ, ಕಾರವಾರ, ಇಲ್ಲವೇ ಮಂಗಳೂರು ಅಂತ ಬರುತ್ತದೆ. ರಾಜಸ್ಥಾನದಲ್ಲಿ ಸ್ವೆಟರ್ ಹಾಕಿಕೊಂಡಿರುವಾಗ ನಮ್ಮಲ್ಲಿ 35 ಡಿಗ್ರಿ.

ಕಾರಣ ಘಟ್ಟವೇ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ ಬೀಸುತ್ತದೆ. ಘಟ್ಟದ ಮೇಲಿಂದ ಕೆಳಕ್ಕೆ ಇಳಿಯುವಾಗ ಒತ್ತಡ ಹೆಚ್ಚಾಗಿ ಗಾಳಿ ಬಿಸಿಯಾಗುತ್ತದೆ. ಪೂರ್ವದ ಗಾಳಿ ಜೋರಿದ್ದ ದಿನ ಕಡಲಗಾಳಿ ಬೀಸಲು ತಡವಾಗುತ್ತದೆ, ಕೆಳಗೆ ಬೇಯುತ್ತದೆ. ಆದರೆ ಬೆಳಗಿನ ಜಾವ ಹಿತವಾಗಿರುತ್ತದೆ. ಘಟ್ಟದ ಮೇಲೆ ಸಿದ್ದಾಪುರ, ಶಿರಸಿಯಲ್ಲಂತೂ ಕೈ ಜುಮ್ ಅನ್ನುವಷ್ಟು ತಂಪು.

ಗಾಳಿಯ ದಿಕ್ಕನ್ನೂ ಲೆಕ್ಕಕ್ಕೆ ಹಿಡಿಯಿರಿ. ಬೆಳಿಗ್ಗೆ ಹತ್ತುವಾಗ ಗಾಳಿ ಎದುರು. ಮಧ್ಯಾಹ್ನದ ನಂತರ ಕಡಲಗಾಳಿ ಎದ್ದಿರುತ್ತದೆ. ವಾಪಸ್ ಕಡಲಿಗೆ ಬರುವಾಗ ಮತ್ತೆ ಎದುರು. ಎರಡೂ ಸಲ ನಮಗೇ ಬಡಿಯುತ್ತದೆ. ಏನು ಮಾಡೋದು.

ಉಡುಪಿ_ಪೆಡಲು

ಸೆಕೆಗೆ ಇನ್ನೊಂದು ಮಾತು ಸೇರಿಸ್ತೇನೆ. ಮೈಯ ಬಿಸಿ ಇಳಿಯೋದು ಬೆವರು ಆರಿದಾಗ. ಕರಾವಳಿಯಲ್ಲಿ ಗಾಳಿಯಲ್ಲೇ ನೀರಿನಂಶ ತುಂಬಿರುತ್ತದೆ, ಬೆವರು ಆರೋದಿಲ್ಲ, ಸುಮ್ನೆ ತೊಟ್ಟಿಕ್ಕುತ್ತದೆ. ಸಪಾಟು ರಸ್ತೆಯಲ್ಲಿ 25–30ರ ವೇಗದಲ್ಲಿ ಹೋಗುವಾಗ ಗಾಳಿ ಬಡಿದು ಸ್ವಲ್ಪ ಆರುತ್ತದೆ. ಏರಿನಲ್ಲಿ ವೇಗ 8–9. ಗಾಳಿಯೇ ಇಲ್ಲ. ಕೆಲಸ ಮಾತ್ರ ದುಪ್ಪಟ್ಟು. ಹಾಗಾಗಿ ನಂದಿಯಲ್ಲಿ ಹಿಡಿಯುವ ಎದೆಬಡಿತಕ್ಕೆ ಇಲ್ಲಿ ವೇಗ ಕಮ್ಮಿಯೇ ಬರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಬರೀ ನೀರು ಕುಡಿಯುತ್ತಾ ಹೋಗಬೇಡಿ, ಉಪ್ಪು ಬೇಕು. ಓಆರ್‌ಎಸ್ ಪೊಟ್ಟಣಕ್ಕೆ ಒಂದು ಲೀಟರ್ ನೀರು ಅಂತ ಬರೆದಿರುತ್ತದೆ. ಅರ್ಧ ಲೀಟರಿನ ಬಾಟಲಿಗೆ ಇಡೀ ಪೊಟ್ಟಣ ಸುರಿಯಬೇಡಿ, ವಾಕರಿಕೆ ಬರುತ್ತದೆ. ದಾರಿಯಲ್ಲಿ ಬೊಂಡ (ಎಳನೀರು) ಎಲ್ಲಿ ಕಂಡರೂ ನಿಲ್ಲಿ. ಘಟ್ಟ ಶುರುವಾದ ಮೇಲೆ ಅಂಗಡಿ ಇಲ್ಲ.

ತಲೆ ತಿರುಗಿದ ಹಾಗೆ ಆಗಿ, ಬೆವರು ನಿಂತು ಚಳಿ ಚಳಿ ಅನಿಸಿದರೆ ಅಲ್ಲೇ ಇಳಿದು ನೆರಳಿಗೆ ಹೋಗಿ, ತಲೆಗೆ ನೀರು ಸುರಿದುಕೊಳ್ಳಿ, ಯಾರನ್ನಾದರೂ ಕರೆಯಿರಿ. ಇನ್ನೊಂದೇ ತಿರುವು ಅಂತ ಹೊರಡಬೇಡಿ.

ಶಿರಸಿ_ತೋಟದವ

ಉತ್ತರ ಕನ್ನಡ ಅಂದರೆ ಎಲ್ಲರೂ ಗೋಕರ್ಣ ನೋಡಿ ವಾಪಸ್. ಸೈಕಲ್‌ನವರಿಗೆ ಇಷ್ಟು ಘಟ್ಟ ಒತ್ತೊತ್ತಾಗಿ ಇನ್ನೆಲ್ಲಿ ಸಿಗುತ್ತದೆ? ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಘಟ್ಟ ಕೊರೆದು ಇಳಿದಿವೆ. ಆ ಕಣಿವೆಗಳ ಪಕ್ಕದಲ್ಲೇ ನಮ್ಮ ರಸ್ತೆಗಳು ಹತ್ತೋದು.

ಸುಲಭದಿಂದ ಶುರು ಮಾಡಿ. ಹೊನ್ನಾವರದಿಂದ ಗೇರುಸೊಪ್ಪೆ, ಮೂವತ್ತು ಕಿ.ಮೀ. ಹತ್ತಿರ. ಶರಾವತಿಯ ಜೊತೆಜೊತೆಗೇ ಹೋಗುತ್ತದೆ. ಗೇರುಸೊಪ್ಪೆಯಿಂದ ಮಾವಿನಗುಂಡಿಗೆ ಘಟ್ಟ. ಇದು ಹೆದ್ದಾರಿ, ಆದ್ದರಿಂದ ಏರು ಹದವಾಗಿದೆ, ಉದ್ದ ಮಾತ್ರ ಜಾಸ್ತಿ. ಮೂರ್ನಾಲ್ಕು ಶೇಕಡಾ ಅಂದುಕೊಳ್ಳಿ. ಒಂದೇ ಲಯ ಹಿಡಿದು ಕೂತರೆ ಮೇಲೆ ಬಂದದ್ದೇ ಗೊತ್ತಾಗೋದಿಲ್ಲ. ಸಿಂಗಳೀಕಗಳಿರುವ ಕಾಡು. ಇವು ಆಗುಂಬೆಯ ತಿರುವಿನ ಮಂಗಗಳ ಥರ ಅಲ್ಲ, ರಸ್ತೆಗೆ ಬಂದು ಬೇಡುವ ಚಾಳಿ ಇಲ್ಲ. ನೀವಾಗಿ ತಿನ್ನಲು ಹಾಕಿ ಆ ಚಾಳಿ ಹಿಡಿಸಬೇಡಿ.

ಮೇಲೆ ಜೋಗ. ಡಿಸೆಂಬರ್‌ನಲ್ಲಿ ನೀರು ಕಮ್ಮಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಜೋಗ ಮೈದುಂಬಬೇಕು ಅಂದರೆ ಮಳೆಗಾಲವೇ ಆಗಬೇಕು. ಆದರೂ ಆ 253 ಮೀಟರ್ ಬಂಡೆ ನೋಡಿದರೆ ನೀವು ಹತ್ತಿದ್ದು ಎಷ್ಟು ಅಂತ ಅಂದಾಜು ಸಿಗುತ್ತದೆ. ಅದರ ಎರಡು ಪಟ್ಟು ಹತ್ತಿರುತ್ತೀರಿ.

ಜೋಗದಿಂದ ಸಿದ್ದಾಪುರ. (ಮಾಷ್ಟ್ರು ಹೇಳಿದ ದಾರಿಯಲ್ಲಿ ಹೊಸಂಗಡಿಗೆ ಮುಂಚೆ ಬರುವ ಸಿದ್ದಾಪುರ ಬೇರೆ, ಇದು ಬೇರೆ. ಮ್ಯಾಪಿನಲ್ಲಿ ಹಾಕುವಾಗ ನೋಡಿಕೊಳ್ಳಿ.) ಸಿದ್ದಾಪುರದಿಂದ ಕುಮಟಾಕ್ಕೆ ದೊಡ್ಮನೆ ಘಟ್ಟ. ನಾನು ಯಾರಿಗಾದರೂ ಒಂದೇ ಘಟ್ಟ ತೋರಿಸಬೇಕು ಅಂದರೆ ಇದನ್ನೇ ತೋರಿಸೋದು. ಒಂದು ಕಾರು, ಒಂದು ಬಸ್ಸು ಎದುರಾದರೆ ಒಬ್ಬರು ಮಣ್ಣಿಗೆ ಇಳಿಯಬೇಕು, ಅಷ್ಟು ಸಪೂರ ರಸ್ತೆ. ಲಾರಿ ಇರೋದಿಲ್ಲ. ಇಳಿಯುವ ಬದಲು ಕುಮಟಾ ಕಡೆಯಿಂದ ಹತ್ತಿದರೆ ಬಾಳೆಬರೆಗೆ ಸರಿಸಮ ಅಂತ ನನ್ನ ವಾದ. ಮಾಷ್ಟ್ರು ಒಪ್ಪೋದಿಲ್ಲ, ಬಿಡಿ.

ದೇವಿಮನೆ ಬಗ್ಗೆ: ಕುಮಟಾ, ಕತಗಾಲ, ದೇವಿಮನೆ, ಶಿರಸಿ. ಮೊದಲು ನಮ್ಮ ಮೆಚ್ಚಿನ ಘಟ್ಟ ಅದೇ ಆಗಿತ್ತು. ಅಗಲೀಕರಣ ಅಂತ ವರ್ಷಗಟ್ಟಲೆ ಅಗೆದಿದ್ದಾರೆ, ಆಗಾಗ ಬಂದ್ ಮಾಡಿದ್ದಾರೆ. ರಸ್ತೆ ಅಗಲ ಆದಷ್ಟೂ ಗಾಡಿಗಳ ವೇಗ ಜಾಸ್ತಿ. ಸೈಕಲ್ಲಿಗೆ ಅದು ಲಾಭವೋ ನಷ್ಟವೋ ನೀವೇ ಹೇಳಿ. ಬಂದ್ ಆದಾಗ ದೇವಿಮನೆಯ ಗಾಡಿಗಳು ದೊಡ್ಮನೆಗೂ ಬರುತ್ತವೆ. ಹೊರಡುವ ಮೊದಲು ಕುಮಟಾದಲ್ಲಿ ಯಾರನ್ನಾದರೂ ಕೇಳಿ.

ಅರಬೈಲ್ ಬೇಡ. ಅಂಕೋಲಾ–ಹುಬ್ಬಳ್ಳಿ ಹೆದ್ದಾರಿ, ಲಾರಿಗಳ ಸಂತೆ.

ಕುಂದಾಪ್ರ_ಮಾಷ್ಟ್ರು

ಒಪ್ಪೋದಿಲ್ಲ ಭಟ್ರೆ. ದೊಡ್ಮನೆ ಚಂದ, ಕಡಿದೂ ಹೌದು. ಆದರೆ ಅಲ್ಲಲ್ಲಿ ಉಸಿರಿಗೆ ಜಾಗ ಕೊಡುತ್ತದೆ. ಬಾಳೆಬರೆ ಕೊಡೋದಿಲ್ಲ.

ಶಿರಸಿ_ತೋಟದವ

ಉಸಿರಿಗೆ ಜಾಗ ಕೊಡೋದು ದೋಷ ಹೇಗಾಯ್ತು ಮಾಷ್ಟ್ರೇ? ಒಮ್ಮೆ ಬನ್ನಿ, ಇಬ್ಬರೂ ಹತ್ತಿ ನೋಡೋಣ. ಮೇಲೆ ಬಂದ ಮೇಲೆ ಅಪ್ಪೆಹುಳಿ ಊಟ ನನ್ನದು.

ಎತ್ತಿನಹೊಳೆ_ಆಚೆ (ಸಕಲೇಶಪುರ)

ದಕ್ಷಿಣದವರು ಯಾರೂ ಇಲ್ವಾ? ಹಾಗಾದರೆ ನಾನೇ ಹೇಳ್ತೀನಿ.

ಶಿರಾಡಿ ಮರೆತುಬಿಡಿ. ಮಂಗಳೂರು ಬಂದರಿನ ಲಾರಿ, ಟ್ಯಾಂಕರ್ ಎಲ್ಲ ಅದೇ ದಾರಿ. ಚಾರ್ಮಾಡಿ ಚೆನ್ನಾಗಿದೆ, ನಮ್ಮ ಘಟ್ಟಗಳಲ್ಲಿ ಎತ್ತರವೂ ಜಾಸ್ತಿ. ಆದರೆ ವಾರದ ಮಧ್ಯೆ ಹೋಗಿ. ಶನಿವಾರ, ಭಾನುವಾರ ಝರಿ ಕಂಡಲ್ಲೆಲ್ಲ ಕಾರು ನಿಲ್ಲಿಸಿ ಬಾಗಿಲು ರಸ್ತೆಗೇ ತೆಗೆಯುತ್ತಾರೆ. ಮೇಲೆ ಕೊಟ್ಟಿಗೆಹಾರದ ನೀರು ದೋಸೆ. ಅದರ ಬಗ್ಗೆ ಬೇರೆ ಚರ್ಚೆಯೇ ಶುರು ಮಾಡಬಹುದು.

ನನ್ನ ಮತ ಬಿಸಿಲೆಗೆ. ಸುಬ್ರಹ್ಮಣ್ಯದ ಹತ್ತಿರ ಕುಳ್ಕುಂದದಿಂದ ಹತ್ತೋದು. ಕಾಂಕ್ರೀಟ್ ರಸ್ತೆ, ಕಾಡು ದಟ್ಟ, ಮೊಬೈಲ್ ಸಿಗ್ನಲ್ ಇಲ್ಲ. ಮೇಲೆ ಬಿಸಿಲೆ ವ್ಯೂ ಪಾಯಿಂಟಿನಲ್ಲಿ ನಿಂತರೆ ಎದುರಿಗೆ ಕುಮಾರ ಪರ್ವತದ ಸಾಲು. ಇನ್ನೂ ಮುಂದೆ ಮಂಕನಹಳ್ಳಿ ಹತ್ತಿರ ರಿಡ್ಜ್ ಅನ್ನುವ ಜಾಗ ಇದೆ. ಅದರ ಈ ಕಡೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಆ ಕಡೆ ಬಿದ್ದದ್ದು ಬಂಗಾಳ ಕೊಲ್ಲಿಗೆ. ಘಟ್ಟ ಹತ್ತಿ ಮುಗಿಸಿದೆ ಅಂತ ಹೇಳಲು ಇದಕ್ಕಿಂತ ಸರಿಯಾದ ಗೆರೆ ಇಲ್ಲ.

ಎರಡು ಎಚ್ಚರಿಕೆ. ಒಂದು, ಆನೆ. ಬೆಳಕು ಪೂರ್ತಿ ಹರಿಯುವ ಮೊದಲು ಹೋಗಬೇಡಿ, ಒಬ್ಬರೇ ಹೋಗಬೇಡಿ. ರಸ್ತೆ ಮೇಲೆ ಬಿಸಿ ಲದ್ದಿ ಕಂಡರೆ ಫೋಟೋ ತೆಗೆಯುತ್ತಾ ನಿಲ್ಲಬೇಡಿ. ಹಿಂದಿರುಗಿ, ಒಂದು ಜೀಪೋ ಕಾರೋ ಬರುವ ತನಕ ಕಾದು ಅದರ ಹಿಂದೆ ಹೋಗಿ. ಎರಡು, ಶಿರಾಡಿ ಬಂದ್ ಆದಾಗ ಸಣ್ಣ ಗಾಡಿಗಳನ್ನೆಲ್ಲ ಇತ್ತ ಕಡೆ ಬಿಡುತ್ತಾರೆ. ಆ ದಿನ ಬಿಸಿಲೆ ಬಿಸಿಲೆಯೇ ಅಲ್ಲ.

ಗುಂಡಿ_ಎಣಿಸುವವ

ಎಲ್ಲರೂ ಹತ್ತೋದನ್ನೇ ಹೇಳ್ತಿದ್ದೀರಿ. ಕೈಕಾಲು ಮುರಿಯೋದು ಇಳಿಯುವಾಗ.

ಡಿಸೆಂಬರ್‌ನಲ್ಲೂ ನೆರಳಿನ ತಿರುವುಗಳಲ್ಲಿ ಹಾವಸೆ ಇರುತ್ತದೆ. ಕಾಂಕ್ರೀಟ್ ಅಂಚಿನಲ್ಲಿ ಕಪ್ಪು–ಹಸಿರು ಪಟ್ಟಿ ಕಂಡರೆ ಅದರ ಮೇಲೆ ಬ್ರೇಕ್ ಹಿಡಿಯಬೇಡಿ. ಕಾಂಕ್ರೀಟಿನ ಎರಡು ತುಂಡು ಸೇರುವ ಸಂದಿ ಕೆಲವು ಕಡೆ ಉದ್ದುದ್ದಕ್ಕೆ ಬಾಯಿ ಬಿಟ್ಟಿರುತ್ತದೆ. 25ರ ಟೈರು ಅದರೊಳಗೆ ಇಳಿದರೆ ಹ್ಯಾಂಡಲ್ ನಿಮ್ಮ ಮಾತು ಕೇಳೋದಿಲ್ಲ. 28 ಒಳ್ಳೆಯದು, ಜಾಗ ಇದ್ದರೆ 32 ಇನ್ನೂ ಒಳ್ಳೆಯದು.

ರಿಮ್ ಬ್ರೇಕ್ ಇದ್ದವರು ಇಡೀ ಘಟ್ಟ ಬ್ರೇಕ್ ಒತ್ತಿಕೊಂಡೇ ಬರಬೇಡಿ. ರಿಮ್ ಕಾದು ಟ್ಯೂಬು ಸಿಡಿಯಬಹುದು. ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಬಿಡಿ. ಘಟ್ಟದಲ್ಲಿ ಹತ್ತುವ ಗಾಡಿಗೆ ಮೊದಲು ದಾರಿ ಬಿಡಬೇಕು ಅನ್ನೋದು ನಿಯಮ. ಇಳಿಯುವ ಸೈಕಲ್ಲಿಗೂ ಅದು ಅನ್ವಯಿಸುತ್ತದೆ. ಮಂಜು ಇದ್ದರೆ ಹಗಲಲ್ಲೂ ಹಿಂದಿನ ಕೆಂಪು ಲೈಟ್ ಉರಿಯುತ್ತಿರಲಿ.

ಸಿದ್ದಾಪುರ_ಆರೋಗ್ಯ

ನಾನು ಸೈಕಲ್ ತುಳಿಯುವವಳಲ್ಲ, ತಮ್ಮ ತುಳಿಯುತ್ತಾನೆ. ಅವನ ಜೊತೆ ಓದುತ್ತಿದ್ದೆ. ಇಲ್ಲಿ ಯಾರೂ ಮಂಗನ ಕಾಯಿಲೆ ಬಗ್ಗೆ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಕಾಯಿಲೆ ಇದು. ಉಣುಗಿನಿಂದ ಹರಡುತ್ತದೆ. ಹೆಚ್ಚು ಕಾಣಿಸೋದು ಡಿಸೆಂಬರ್‌ನಿಂದ ಮೇ ತನಕ, ಅಂದರೆ ನೀವೆಲ್ಲ ಬರುವ ಸಮಯಕ್ಕೇ. ಡಾಂಬರು ರಸ್ತೆಯ ಮೇಲೆ ಇದ್ದರೆ ಅಷ್ಟೇನೂ ಭಯ ಇಲ್ಲ. ದಣಿದಾಗ ತರಗೆಲೆ ಮೇಲೆ ಅಂಗಾತ ಮಲಗುತ್ತೀರಲ್ಲ, ಅದು ಬೇಡ. ಮೂತ್ರಕ್ಕೆ ಅಂತ ಪೊದೆಯೊಳಗೆ ನುಗ್ಗೋದೂ ಬೇಡ. ಮರಿ ಉಣುಗು ಸಾಸಿವೆಗಿಂತ ಸಣ್ಣದು, ಕಣ್ಣಿಗೆ ಬೀಳೋದಿಲ್ಲ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ರೂಮಿಗೆ ಹೋದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ವಾಪಸ್ ಹೋದ ಮೇಲೆ ಒಂದೆರಡು ವಾರದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಬೆಂಗಳೂರಿನ ಡಾಕ್ಟರಿಗೆ ನೀವಾಗಿಯೇ ಹೇಳಬೇಕು, ಮಲೆನಾಡಿನ ಕಾಡಿನ ಕಡೆ ಹೋಗಿದ್ದೆ ಅಂತ. ಹೇಳದಿದ್ದರೆ ಅವರಿಗೆ ಹೊಳೆಯೋದಿಲ್ಲ.

ಉಡುಪಿ_ಪೆಡಲು

ಅಕ್ಕ, ಒಳ್ಳೆಯದಾಯ್ತು ಹೇಳಿದ್ದು. ಇದನ್ನು ಮೇಲೆ ಪಿನ್ ಮಾಡಿ ಯಾರಾದರೂ.

ಮಳೆಯಲ್ಲೇ_ಮಜಾ

ಡಿಸೆಂಬರ್‌ನಲ್ಲಿ ಬಂದು ಏನು ನೋಡ್ತೀರಿ? ಜುಲೈಯಲ್ಲಿ ಬನ್ನಿ. ಸೆಕೆ ಇಲ್ಲ, ಧೂಳಿಲ್ಲ, ಪ್ರತಿ ತಿರುವಿಗೂ ಒಂದು ಜಲಪಾತ. ಆಗುಂಬೆ, ಹುಲಿಕಲ್ಲಿನ ಮಳೆ ಮೈಮೇಲೆ ಹೊಡೆಸಿಕೊಳ್ಳದೆ ಘಟ್ಟ ಹತ್ತಿದೆ ಅಂತ ಹೇಳಬಾರದು.

ಕಾಸರಕೋಡು_ಗಾಳಿ (ಹೊನ್ನಾವರ)

ಸ್ವಲ್ಪ ನಿಧಾನ ತಮ್ಮಾ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೇ ಜಾರಿ ಬಿತ್ತು. ರಸ್ತೆ ಬದಿ ಚಹಾ ಕುಡಿಯುತ್ತಿದ್ದ ಜನ ಹೋದರು. ಅದಕ್ಕೆ ಮುಂಚೆ ಅರಬೈಲ್, ಅಣಶಿ, ಚಾರ್ಮಾಡಿ ಎಲ್ಲ ಕಡೆ ಕುಸಿದಿದೆ. ಕೆಂಪು ಅಲರ್ಟ್ ಇದ್ದ ದಿನ ಘಟ್ಟ ಹತ್ತುವವರನ್ನು ನೋಡಿದರೆ ನಮಗೆ ಖುಷಿ ಆಗೋದಿಲ್ಲ, ಸಿಟ್ಟು ಬರುತ್ತದೆ. ಕುಸಿದರೆ ಹುಡುಕಲು ಇಳಿಯುವವರು ನಮ್ಮ ಊರಿನ ಹುಡುಗರೇ.

ಮಳೆಯಲ್ಲೇ_ಮಜಾ

ಅಲರ್ಟ್ ಇದ್ದ ದಿನ ಹೋಗಿ ಅಂತ ನಾನು ಹೇಳಲಿಲ್ಲ ಅಣ್ಣ. ಸೆಪ್ಟೆಂಬರ್ ಕೊನೆಗೆ, ಮಳೆ ಬಿಟ್ಟುಬಿಟ್ಟು ಬರುವಾಗ ಹೋಗಬಹುದಲ್ವಾ?

ಕಾಸರಕೋಡು_ಗಾಳಿ (ಹೊನ್ನಾವರ)

ಅದು ಸರಿ. ಆಗ ನಾನೂ ಬರ್ತೇನೆ.

ದೂರದೂರ_ಕನ್ನಡಿಗ (ಬಾರ್ಸಿಲೋನಾ)

ಓದಿ ಊರಿನ ನೆನಪಾಯ್ತು. ಇಲ್ಲಿಂದ ಹಡಗು ಹತ್ತಿದರೆ ಮಯೋರ್ಕಾ ದ್ವೀಪ. ಅಲ್ಲಿ ಸಾ ಕಲೋಬ್ರಾ ಅಂತ ಒಂದು ಏರು ಇದೆ, ಕಡಲ ದಡದಿಂದಲೇ ಶುರು. ಸುಮಾರು ಒಂಬತ್ತೂವರೆ ಕಿ.ಮೀ., ಸರಾಸರಿ ಏಳು ಶೇಕಡಾ. ಮೊದಲು ಕೆಳಗಿಳಿದು ಆಮೇಲೆ ಅದೇ ರಸ್ತೆಯಲ್ಲಿ ಹತ್ತಬೇಕು, ಬೇರೆ ದಾರಿ ಇಲ್ಲ. ಜಗತ್ತಿನ ಎಲ್ಲ ಕಡೆಯಿಂದ ಸೈಕಲ್‌ನವರು ಬರುತ್ತಾರೆ. ಎತ್ತರದ ಲೆಕ್ಕದಲ್ಲಿ ಅದು ನಮ್ಮ ಘಟ್ಟಗಳಿಗಿಂತ ಒಂದು ಕೈ ಮೇಲೆ, ಅಷ್ಟೇ. ಆದರೆ ಅಲ್ಲಿ ಬೋಳು ಸುಣ್ಣಕಲ್ಲು, ಒಣ ಗಾಳಿ, ಬೆವರು ಆರುತ್ತದೆ. ನನಗೆ ಬಾಳೆಬರೆಯೇ ಕಷ್ಟ.

ನಂದಿ_ಸಾಕಾಯ್ತು

ಸರಿ. ಕುಮಟಾದಲ್ಲಿ ಉಳಿದುಕೊಂಡು ಮೊದಲ ದಿನ ಹೊನ್ನಾವರ, ಗೇರುಸೊಪ್ಪೆ, ಜೋಗ, ಸಿದ್ದಾಪುರ, ದೊಡ್ಮನೆ ಇಳಿದು ವಾಪಸ್. ಮರುದಿನ ವಿಶ್ರಾಂತಿ. ಆಮೇಲೆ ಕುಂದಾಪುರಕ್ಕೆ ಬಂದು ಬಾಳೆಬರೆ, ಕೊಲ್ಲೂರು. ಸೈಕಲ್ ಸ್ಲೀಪರ್ ಬಸ್ಸಿನ ಡಿಕ್ಕಿಯಲ್ಲಿ ತರೋದಾ, ರೈಲಲ್ಲಾ?

ವ್ಯಾಟ್_ಲೆಕ್ಕ

ಬಸ್ಸಿನವರನ್ನು ನಂಬಬೇಡಿ. ಒಂದು ಖಾಸಗಿ ಬಸ್ಸಿನಲ್ಲಿ ನನ್ನ ಸೈಕಲ್ಲಿನ ಮೇಲೆ ಯಾರದ್ದೋ ಅಕ್ಕಿ ಮೂಟೆ ಹಾಕಿದ್ದರು. ಹ್ಯಾಂಗರ್ (ಡಿರೈಲರನ್ನು ಚೌಕಟ್ಟಿಗೆ ಹಿಡಿಸುವ ತುಂಡು) ಬಗ್ಗಿ, ಗೇರು ಹಾಕಿದರೆ ಡಿರೈಲರ್ ಹೋಗಿ ಕಡ್ಡಿಗೆ ತಾಗುತ್ತಿತ್ತು. ಬಸ್ಸೇ ಗತಿ ಅಂದರೆ ಡಿರೈಲರ್ ಬಿಚ್ಚಿ, ಬಟ್ಟೆ ಸುತ್ತಿ ಚೌಕಟ್ಟಿನೊಳಗೆ ಕಟ್ಟಿ. ನಿಮ್ಮ ಸೈಕಲ್ಲಿಗೆ ಹೊಂದುವ ಹ್ಯಾಂಗರ್ ಒಂದು ಜೇಬಿನಲ್ಲಿ ಇರಲಿ. ಅದು ಮಾತ್ರ ಕುಮಟಾ, ಕುಂದಾಪುರದ ಅಂಗಡಿಯಲ್ಲಿ ಸಿಗೋದಿಲ್ಲ.

ಕುಂದಾಪ್ರ_ಮಾಷ್ಟ್ರು

ರೈಲೇ ವಾಸಿ. ಬೆಂಗಳೂರಿನಿಂದ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಕುಂದಾಪುರದಲ್ಲೂ ನಿಲ್ಲುತ್ತದೆ, ಕುಮಟಾದಲ್ಲೂ ನಿಲ್ಲುತ್ತದೆ. ಪಾರ್ಸೆಲ್ ಮಾಡಿದರೆ ಇಲ್ಲಿ ರೈಲು ನಿಲ್ಲುವ ಒಂದೆರಡು ನಿಮಿಷದಲ್ಲಿ ಲಗೇಜು ಬೋಗಿಗೆ ಓಡಬೇಕು. ಚಕ್ರ ಬಿಚ್ಚಿ ಚೀಲಕ್ಕೆ ಹಾಕಿ ಸೀಟಿನ ಕೆಳಗೆ ಇಟ್ಟುಕೊಳ್ಳುವವರೇ ಜಾಸ್ತಿ.

ನಿಮ್ಮ ಯೋಜನೆಯಲ್ಲಿ ಒಂದು ತಿದ್ದುಪಡಿ. ಜೋಗದಲ್ಲಿ ಜಾಸ್ತಿ ಹೊತ್ತು ಕೂರಬೇಡಿ. ದೊಡ್ಮನೆಯ ತಿರುವುಗಳಲ್ಲಿ ಸಂಜೆ ಐದಕ್ಕೇ ಕತ್ತಲು ಕವಿಯುತ್ತದೆ.

ಶಿರಸಿ_ತೋಟದವ

ಐದೂವರೆ ಅನ್ನಿ. ಸಿದ್ದಾಪುರದಲ್ಲಿ ನೀರು ತುಂಬಿಸಿಕೊಳ್ಳಿ. ಅದರ ನಂತರ ಒಂದೋ ಎರಡೋ ಅಂಗಡಿ, ಅದೂ ತೆರೆದಿದ್ದರೆ. ಮುರುಗಲ ಪಾನಕ ಎಲ್ಲಾದರೂ ಕಂಡರೆ ಕುಡಿಯಿರಿ, ಉಪ್ಪು ಹಾಕಿಸಿಕೊಳ್ಳಿ. ಹೊರಡುವ ದಿನ ಗೊತ್ತಾದರೆ ಇಲ್ಲೇ ಬರೆಯಿರಿ. ದೇವಿಮನೆ ಬಂದ್ ಇದೆಯಾ, ಗಾಡಿಗಳು ಎತ್ತ ತಿರುಗಿವೆ ಅಂತ ಹಿಂದಿನ ದಿನ ಹೇಳ್ತೇನೆ.